ಕಂದು ಹಾಕುವ ಹಸು, ಬಿಡದ ಜ್ವರ

ಹಸು ದಿನ ತುಂಬುವ ಮೊದಲೇ ಕರು ಹಾಕಿದರೆ ನಮ್ಮ ಹಳ್ಳಿಗಳಲ್ಲಿ ‘ಕಂದು ಹಾಕಿತು’ ಎನ್ನುತ್ತಾರೆ. ಹೀಗೆ ಕಂದು ಹಾಕಿಸುವ ಒಂದು ಸೋಂಕಿಗೆ ಕನ್ನಡದಲ್ಲಿ ಕಂದುರೋಗ ಎಂದೇ ಹೆಸರು. ವೈದ್ಯರ ಭಾಷೆಯಲ್ಲಿ ಅದು ಬ್ರುಸೆಲ್ಲೋಸಿಸ್. ಅಮೆರಿಕದಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಮನುಷ್ಯರಿಗೆ ಔಷಧಿ ಕೊಟ್ಟು ನಿವೃತ್ತನಾದ ನಾನು ದನದ ಕಾಯಿಲೆಯ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ಊರಿಗೆ ಹೋಗಿಬರುವ ನಮ್ಮವರಿಗೆ, ಊರಿನಿಂದ ನಮ್ಮನ್ನು ನೋಡಲು ಬರುವ ಹಿರಿಯರಿಗೆ ಈ ಜ್ವರ ಬಂದರೆ ಇಲ್ಲಿನ ವೈದ್ಯರಿಗೆ ಅದು ಬೇಗ ಹೊಳೆಯುವುದಿಲ್ಲ. ಏಕೆಂದರೆ ಅವರು ಹಾಲಿನ ಬಗ್ಗೆ ಕೇಳುತ್ತಾರೆ, ಕೊಟ್ಟಿಗೆಯ ಬಗ್ಗೆ ಕೇಳುವುದಿಲ್ಲ.

ಮೊದಲು ಹಸುವಿನ ವಿಷಯ. ರೋಗಾಣುವಿನ ಹೆಸರು ಬ್ರುಸೆಲ್ಲಾ ಅಬಾರ್ಟಸ್. ಗಬ್ಬದ ಹಸುವಿನ ಮಾಸಿನಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ವಸ್ತು ಹೇರಳವಾಗಿರುತ್ತದೆ. (ಇಲ್ಲಿನ ಅಂಗಡಿಗಳಲ್ಲಿ ನಮ್ಮ ಮಧುಮೇಹಿ ಮಿತ್ರರು ಸಕ್ಕರೆಗೆ ಬದಲಾಗಿ ಕೊಳ್ಳುವ ಪೊಟ್ಟಣಗಳಲ್ಲಿ ಎಷ್ಟೋ ಸಲ ಇರುವುದು ಇದೇ.) ಈ ರೋಗಾಣುವಿಗೆ ಅದು ಹಬ್ಬದೂಟ. ಹಾಗಾಗಿ ಅದು ಮಾಸಿನಲ್ಲೇ ಬೀಡುಬಿಟ್ಟು ಕೋಟಿಗಟ್ಟಲೆ ಬೆಳೆಯುತ್ತದೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕರು ಬಿದ್ದುಹೋಗುತ್ತದೆ, ಮಾಸು ಸರಿಯಾಗಿ ಬೀಳುವುದಿಲ್ಲ. ಮೋಸವಿರುವುದು ಆಮೇಲೆ. ಒಂದೆರಡು ಸಲ ಕಂದು ಹಾಕಿದ ಹಸು ಮುಂದಿನ ಸಲ ದಿನ ತುಂಬಿಯೇ ಈಯಬಹುದು. ನೋಡುವುದಕ್ಕೆ ಗುಣವಾದಂತೆ ಕಂಡರೂ ಸೋಂಕು ಒಳಗೇ ಇರುತ್ತದೆ, ಹಾಲಿನಲ್ಲೂ ಹೊರಬರುತ್ತಿರುತ್ತದೆ. ಕಂದು ಹಾಕಿದ ಹಸುವನ್ನು ಸಂತೆಗೆ ಹೊಡೆದು ಮಾರಿಬಿಡುವ ಬಡ ರೈತನನ್ನು ನಾನು ದೂರಲಾರೆ. ಆದರೆ ರೋಗ ಊರಿಂದೂರಿಗೆ ಹೋಗುವ ದಾರಿಗಳಲ್ಲಿ ಇದೂ ಒಂದು.

ಮನುಷ್ಯರಿಗೆ ಇದು ಬರುವುದು ಹಸಿ ಹಾಲಿನಿಂದ, ಹಸಿ ಹಾಲಿನ ಚೀಸ್‌ನಿಂದ ಎಂದು ಪುಸ್ತಕಗಳು ಹೇಳುತ್ತವೆ. ನಿಜವೇ. ನಮ್ಮ ಅಜ್ಜಿಯರು ಮಾತ್ರ ಹಾಲನ್ನು ಉಕ್ಕಿಸದೆ ಬಳಸಿದವರಲ್ಲ. ಮೊಸರಿಗೆ ಹೆಪ್ಪು ಹಾಕುವುದು ಕಾಯಿಸಿ ಆರಿಸಿದ ಹಾಲಿಗೆ. ಗಿಣ್ಣು ಕೂಡ ಒಲೆಯ ಮೇಲೆ ಬೇಯುತ್ತದೆ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇಟ್ಟರೆ ಸಾಯುವ ರೋಗಾಣು ಉಕ್ಕಿದ ಹಾಲಿನಲ್ಲಿ ಬದುಕಿರುವುದಿಲ್ಲ. ಹಾಲನ್ನು ಹೀಗೆ ಕಾಯಿಸುವ ಮನೆಯಲ್ಲಿ ಅಪಾಯವಿರುವುದು ಲೋಟದಲ್ಲಲ್ಲ, ಕೈಯಲ್ಲಿ. ಹಸು ಈಯುವಾಗ ಅಥವಾ ಕಂದು ಹಾಕಿದಾಗ ಬರಿಗೈಯಲ್ಲಿ ಕರು ಎಳೆಯುವವರು, ಮಾಸು ಕೀಳುವವರು, ಕೊಟ್ಟಿಗೆ ತೊಳೆಯುವ ಹೆಂಗಸರು, ಪಶುವೈದ್ಯರು, ಕಸಾಯಿಖಾನೆಯ ಕೆಲಸಗಾರರು, ಇವರಿಗೆ ಚರ್ಮದ ಸಣ್ಣ ಗಾಯದ ಮೂಲಕ, ಕಣ್ಣಿನ ಮೂಲಕ, ಉಸಿರಿನ ಮೂಲಕವೂ ಅಂಟುತ್ತದೆ. ಮಾಸನ್ನು ಹುಲ್ಲಿನಲ್ಲೋ ಗೋಣಿಯಲ್ಲೋ ಸುತ್ತಿ ಆಲದ ಮರಕ್ಕೆ ಕಟ್ಟುವ ರೂಢಿ ನಮ್ಮಲ್ಲಿದೆ. ಹಸು ಹಾಲು ಹೆಚ್ಚು ಕೊಡುತ್ತದೆಂಬ ನಂಬಿಕೆ. ನಾಯಿಗಳ ಬಾಯಿಗೆ ಸಿಗದಂತೆ ಮಾಡುವ ಮಟ್ಟಿಗೆ ಅದು ವಾಸಿಯೇ. ಆದರೆ ಕಟ್ಟುವವರ ಕೈಗೆ ಗ್ಲೌಸ್ ಇರುವುದಿಲ್ಲವಲ್ಲ! ಸುಣ್ಣ ಹಾಕಿ ಆಳವಾಗಿ ಹೂಳುವುದೇ ಸರಿಯಾದ ಕ್ರಮ.

ಈ ಸಂಬಂಧವನ್ನು ಕಂಡುಹಿಡಿಯುವುದಕ್ಕೆ ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಡೇವಿಡ್ ಬ್ರೂಸ್ ರೋಗಾಣುವನ್ನು ಬೇರ್ಪಡಿಸಿ 1887ರಲ್ಲಿ ಪ್ರಕಟಿಸಿದರು. ಅದು ಮೇಕೆಯ ಹಾಲಿನಿಂದ ಬರುತ್ತದೆಂದು 1905ರಲ್ಲಿ ತೋರಿಸಿದವರು ಮಾಲ್ಟಾದವರೇ ಆದ ಥೆಮಿಸ್ಟೋಕ್ಲಿಸ್ ಜಮ್ಮಿಟ್. ಇತ್ತ ಡೆನ್ಮಾರ್ಕಿನಲ್ಲಿ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ರೋಗಾಣುವನ್ನು ಕಂಡಿದ್ದರು. ಇವೆರಡೂ ಒಂದೇ ಕುಟುಂಬದವೆಂದು ಯಾರಿಗೂ ತೋಚಲಿಲ್ಲ. ತೋರಿಸಿದ್ದು ಅಮೆರಿಕದ ಆಲಿಸ್ ಇವಾನ್ಸ್, 1918ರಲ್ಲಿ. ಹಾಗಾದರೆ ಹಸುವಿನ ಹಸಿ ಹಾಲೂ ಅಪಾಯವೇ ಎಂದು ಅವರು ಕೇಳಿದಾಗ ದೊಡ್ಡವರು ಒಪ್ಪಲಿಲ್ಲ. ಡಾಕ್ಟರೇಟ್ ಇಲ್ಲದ ಹೆಂಗಸಿನ ಮಾತು ಎಂಬ ಉದಾಸೀನವೂ ಇತ್ತು. 1922ರಲ್ಲಿ ಅವರಿಗೇ ಸೋಂಕು ತಗುಲಿ ಸುಮಾರು ಇಪ್ಪತ್ತು ವರ್ಷ ಬಿಟ್ಟುಬಿಟ್ಟು ಕಾಡಿತು. ವೈದ್ಯರು ಅದನ್ನು ನರದೌರ್ಬಲ್ಯ ಎಂದರು! 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಅವರು ಮೊದಲ ಮಹಿಳಾ ಅಧ್ಯಕ್ಷೆಯಾದರು.

ಆ ತಪ್ಪು ರೋಗನಿರ್ಣಯ ನನಗೆ ಆಶ್ಚರ್ಯವಲ್ಲ. ಈ ಜ್ವರಕ್ಕೆ ಸ್ಪಷ್ಟವಾದ ಮುಖವಿಲ್ಲ. ಸಂಜೆಗೆ ಏರುವ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಸುಸ್ತು, ಸೊಂಟನೋವು, ಕೀಲುನೋವು, ಕೆಲವು ಗಂಡಸರಿಗೆ ವೃಷಣದ ಊತ. ಭಾರತೀಯನೆಂದ ಕೂಡಲೇ ವೈದ್ಯರ ಮನಸ್ಸು ಕ್ಷಯ, ಟೈಫಾಯ್ಡ್, ಮಲೇರಿಯಾ ಕಡೆಗೆ ಓಡುತ್ತದೆ. ಮಗಳ ಬಾಣಂತನದ ಸಮಯಕ್ಕೆಂದು ಹೆಂಡತಿಯೊಡನೆ ಬಂದಿದ್ದ ಹಳೇ ಮೈಸೂರಿನ ಕಡೆಯ ರೈತರೊಬ್ಬರು ನೆನಪಾಗುತ್ತಾರೆ. ಮೂರು ವಾರದ ಜ್ವರ, ಬೆನ್ನುನೋವು. ದುಭಾಷಿಯ ಮೂಲಕ ಹಾಲಿನ ಪ್ರಶ್ನೆ ಕೇಳಿ ‘ಕಾಯಿಸಿದ್ದು’ ಎಂದು ಬರೆದುಕೊಂಡು ಮುಗಿಸಿದ್ದರು. ನನ್ನನ್ನು ಸಲಹೆಗೆ ಕರೆದಾಗ ಕನ್ನಡದಲ್ಲೇ ಕೇಳಿದೆ, “ಯಜಮಾನ್ರೇ, ಮನೇಲಿ ದನಕರು ಇದಾವಾ?” “ಎರಡು ಸೀಮೆ ಹಸ ಅವೆ ಡಾಕ್ಟ್ರೇ. ಬರೋಕೆ ಮುಂಚೆ ಒಂದು ಕಂದು ಹಾಕ್ತು. ಮಾಸು ಬೀಳ್ನಿಲ್ಲ, ನಾನೇ ಕೈ ಹಾಕಿ ತೆಗ್ದೆ.” ತಕ್ಷಣ ಪ್ರಯೋಗಾಲಯಕ್ಕೆ ಫೋನು ಮಾಡಿದೆ. ಅದು ಮುಖ್ಯ. ಈ ರೋಗಾಣುವನ್ನು ಕಲ್ಚರ್ ಮಾಡುವಾಗ ಅಲ್ಲಿನ ಕೆಲಸಗಾರರು ಉಸಿರಾಡಿಯೇ ಸೋಂಕು ಹತ್ತಿಸಿಕೊಳ್ಳಬಹುದು. ಮೊದಲೇ ಹೇಳಿದರೆ ಅವರು ಎಚ್ಚರ ವಹಿಸುತ್ತಾರೆ. ನಾಲ್ಕನೆಯ ದಿನ ರಕ್ತದ ಕಲ್ಚರ್‌ನಲ್ಲಿ ಬ್ರುಸೆಲ್ಲಾ ಬೆಳೆಯಿತು.

ಇದು ನಮ್ಮ ರಕ್ಷಕ ಕಣಗಳ ಒಳಗೇ ಅಡಗಿ ಬದುಕುವ ರೋಗಾಣು. ಆದ್ದರಿಂದ ಒಂದೇ ಔಷಧಿ ಸಾಲದು, ಒಂದು ವಾರವೂ ಸಾಲದು. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆಗೆ ರಿಫಾಂಪಿಸಿನ್, ಕಡಿಮೆಯೆಂದರೆ ಆರು ವಾರ. ಬೆನ್ನುಮೂಳೆಗೋ ಹೃದಯದ ಕವಾಟಕ್ಕೋ ಇಳಿದಿದ್ದರೆ ಇನ್ನೂ ಹೆಚ್ಚು ಕಾಲ. ಹತ್ತು ದಿನಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದವರಿಗೆ ಮರುಕಳಿಸುತ್ತದೆ.

ಅಮೆರಿಕದಲ್ಲಿ 1947ರ ಒಂದೇ ವರ್ಷ 6,000ಕ್ಕೂ ಹೆಚ್ಚು ಜನರಿಗೆ ಈ ರೋಗ ಬಂದಿತ್ತು. 1934ರಿಂದ ಹಸುಗಳನ್ನು ಪರೀಕ್ಷಿಸಿ, ಸೋಂಕಿರುವುದನ್ನು ಕೊಂದು, ಕರುಗಳಿಗೆ ಲಸಿಕೆ ಹಾಕಿ, ಹಾಲನ್ನು ಪಾಶ್ಚರೀಕರಿಸಿ ಅದನ್ನು ವರ್ಷಕ್ಕೆ ನೂರರ ಆಸುಪಾಸಿಗೆ ಇಳಿಸಿದ್ದಾರೆ. ಯೆಲ್ಲೋಸ್ಟೋನ್ ಸುತ್ತಲಿನ ಕಾಡೆಮ್ಮೆ ಮತ್ತು ಎಲ್ಕ್‌ಗಳಲ್ಲಿ ಇಂದಿಗೂ ಉಳಿದಿದೆ. ಹಸುವನ್ನು ಕೊಲ್ಲುವ ದಾರಿ ಭಾರತದಲ್ಲಿ ನಡೆಯುವಂಥದ್ದಲ್ಲ, ಉಳಿಯುವುದು ಲಸಿಕೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಜೀವಮಾನಕ್ಕೊಮ್ಮೆ ಲಸಿಕೆ ಹಾಕುತ್ತಾರೆ. ಊರಿನಲ್ಲಿ ಹಸು ಸಾಕಿರುವ ಅಣ್ಣತಮ್ಮಂದಿರಿಗೆ ಮುಂದಿನ ಸಲ ಫೋನು ಮಾಡಿದಾಗ ಇದನ್ನೊಂದು ಕೇಳಿ. ಒಂದು ಜೊತೆ ಉದ್ದ ಗ್ಲೌಸ್ ತೆಗೆದಿಡಲೂ ಹೇಳಿ.

ಇಲ್ಲಿ ನಮ್ಮ ಕೆಲವರು ‘ಊರಿನ ಹಾಲಿನ ರುಚಿ’ ಹುಡುಕಿಕೊಂಡು ಹಸಿ ಹಾಲು ಮಾರುವ ಫಾರ್ಮುಗಳಿಗೆ ಕಾರು ಓಡಿಸುತ್ತಾರೆ. ಕಾಯಿಸಿ ಕುಡಿದರೆ ನನ್ನ ತಕರಾರಿಲ್ಲ. ಕೆಲವರು ಕಾಯಿಸಿದರೆ ಸತ್ವ ಹೋಗುತ್ತದೆಂದು ಹಾಗೇ ಕುಡಿಯುತ್ತಾರೆ, ಮಕ್ಕಳಿಗೂ ಕೊಡುತ್ತಾರೆ. ಅವರಿಗೆ ತಿಳಿದಿರಬೇಕಾದ ಸಂಗತಿಯೊಂದಿದೆ. ಇಲ್ಲಿನ ಕರುಗಳಿಗೆ ಹಾಕುವ ಆರ್‌ಬಿ51 ಎಂಬ ಲಸಿಕೆಯಲ್ಲಿರುವುದು ಜೀವಂತ ಬ್ರುಸೆಲ್ಲಾ, ಶಕ್ತಿ ಕುಂದಿಸಿದ್ದು. ಅಪರೂಪಕ್ಕೆ ಅದು ಹಸುವಿನ ಹಾಲಿನಲ್ಲಿ ಬರುತ್ತದೆ. 2017ರಲ್ಲಿ ಟೆಕ್ಸಾಸ್ ಮತ್ತು ನ್ಯೂಜೆರ್ಸಿಯಲ್ಲಿ, 2018ರಲ್ಲಿ ನ್ಯೂಯಾರ್ಕಿನಲ್ಲಿ ಹಸಿ ಹಾಲು ಕುಡಿದವರಿಗೆ ಅದರಿಂದಲೇ ಕಾಯಿಲೆಯಾಯಿತು. ಈ ತಳಿಗೆ ರಿಫಾಂಪಿಸಿನ್ ನಾಟುವುದಿಲ್ಲ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಅದು ಸಿಗುವುದೂ ಇಲ್ಲ, ಕಲ್ಚರ್ ಆಗಬೇಕು. ಆದ್ದರಿಂದ ಹಸಿ ಹಾಲು ಕುಡಿದವರಿಗೆ ಜ್ವರ ಬಂದರೆ ಆ ಮಾತನ್ನು ರಕ್ತ ಕೊಡುವ ಮೊದಲೇ ವೈದ್ಯರಿಗೆ ಹೇಳಬೇಕು, ಅವರು ಕೇಳದಿದ್ದರೂ.