ಆಯಿಲ್ ಬದಲಿಸಿದ ನಂತರ ಎಂಜಿನ್ ತೊಂದರೆ: ದೋಷ ಪತ್ತೆ ಹೇಗೆ?

ಟ್ರ್ಯಾಕ್ಟರ್ ಮತ್ತು ಡೀಸೆಲ್ ಪಂಪ್‌ಸೆಟ್ಟುಗಳ ಬಾಳಿಕೆ ಬಹುಮಟ್ಟಿಗೆ ಎಂಜಿನ್ ಆಯಿಲನ್ನು ಅವಲಂಬಿಸಿದೆ. ಚಲಿಸುವ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯದಂತೆ ತಡೆಯುವುದು, ಶಾಖವನ್ನು ಸಾಗಿಸುವುದು ಮತ್ತು ಮಸಿಯನ್ನು ತೊಳೆಯುವುದು ಇದರ ಕೆಲಸ. ಹಲವು ಟ್ರ್ಯಾಕ್ಟರುಗಳಲ್ಲಿ 250 ಗಂಟೆಗಳ ಕೆಲಸಕ್ಕೊಮ್ಮೆ ಆಯಿಲ್ ಬದಲಿಸಬೇಕಾಗುತ್ತದೆ. ಬಿತ್ತನೆಯ ಅವಸರದಲ್ಲಿ ಈ ಕೆಲಸ ತರಾತುರಿಯಲ್ಲಿ ನಡೆದರೆ, ಚೆನ್ನಾಗಿದ್ದ ಎಂಜಿನ್ ಮರುದಿನವೇ ಹೊಗೆ ಕಾರುವುದು, ಬಡಿದುಕೊಳ್ಳುವುದು ಅಥವಾ ಸೋರುವುದುಂಟು. ಆಗ ಎಂಜಿನ್ ಬಿಚ್ಚಿಸುವ ಮೊದಲು, ಆಯಿಲ್ ಬದಲಿಸುವಾಗ ಕೈ ಆಡಿದ ಜಾಗಗಳನ್ನೇ ಪರೀಕ್ಷಿಸಬೇಕು. ದೋಷ ಬಹುಪಾಲು ಅಲ್ಲಿಯೇ ಇರುತ್ತದೆ.

ಮೊದಲ ಪರೀಕ್ಷೆ

ತೊಂದರೆ ಕಂಡೊಡನೆ ಎಂಜಿನ್ ನಿಲ್ಲಿಸಬೇಕು. ಯಂತ್ರವನ್ನು ಸಮತಟ್ಟಾದ ಜಾಗದಲ್ಲಿಟ್ಟು, ಆಯಿಲ್ ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟು, ಅಳತೆ ಕಡ್ಡಿಯನ್ನು ಒರೆಸಿ ಅದ್ದಿ ನೋಡಬೇಕು. ಆಯಿಲ್ ಮಟ್ಟ ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವೆ ಇರಬೇಕು. ಹಲವು ದೋಷಗಳ ಸುಳಿವು ಈ ಕಡ್ಡಿಯಲ್ಲೇ ಸಿಗುತ್ತದೆ.

ಒತ್ತಡ ಏರದಿದ್ದರೆ

ಎಂಜಿನ್ ಚಾಲೂ ಆದ ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ಒತ್ತಡದ ಮುಳ್ಳು ಏರಬೇಕು, ಇಲ್ಲವೆ ಕೆಂಪು ದೀಪ ಆರಬೇಕು. ಹೊಸ ಫಿಲ್ಟರ್ ತುಂಬುವವರೆಗೆ ತುಸು ತಡವಾಗಬಹುದು. ಅನಂತರವೂ ಏರದಿದ್ದರೆ ಎಂಜಿನ್ ಓಡಿಸಕೂಡದು. ಆಯಿಲ್ ಕಡಿಮೆ ಇರುವುದು, ತಳದ ಬಿರಡೆ ಸಡಿಲವಾಗಿ ಆಯಿಲ್ ಸುರಿದುಹೋಗಿರುವುದು, ಫಿಲ್ಟರ್ ಸರಿಯಾಗಿ ಕೂರದಿರುವುದು ಇದಕ್ಕೆ ಮುಖ್ಯ ಕಾರಣಗಳು. ಇವೆಲ್ಲ ಸರಿಯಿದ್ದೂ ಒತ್ತಡ ಬಾರದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಬೇಕು. ಮುಳ್ಳೇ ಕೆಟ್ಟಿದೆಯೆಂದು ಊಹಿಸಿ ಉಳುಮೆ ಮುಂದುವರಿಸಿದರೆ ಬೇರಿಂಗ್ ಕರಗಿ ಕ್ರ್ಯಾಂಕ್ ಶಾಫ್ಟ್ ಹಾಳಾಗುತ್ತದೆ. ಒಂದು ವಾಷರಿನಿಂದ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ.

ಕೆಲವು ಸಣ್ಣ ಎಂಜಿನ್ನುಗಳಲ್ಲಿ ಒತ್ತಡದ ಮಾಪಕ ಇರುವುದಿಲ್ಲ. ಒಳಗಿನ ಸೌಟಿನಂತಹ ಭಾಗ ತಿರುಗುವಾಗ ಆಯಿಲನ್ನು ಎರಚುತ್ತದೆ. ಮಟ್ಟ ಇಳಿದರೆ ಅದಕ್ಕೆ ಆಯಿಲ್ ಎಟಕುವುದಿಲ್ಲ. ಇಂತಹ ಎಂಜಿನ್ನುಗಳಲ್ಲಿ ಅಳತೆ ಕಡ್ಡಿಯೊಂದೇ ಕಾವಲು.

ನೀಲಿ ಹೊಗೆ ಬಂದರೆ

ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಹೆಚ್ಚು ಆಯಿಲ್ ಒಳ್ಳೆಯದೆಂಬ ಭಾವನೆ ತಪ್ಪು. ಮೇಲಿನ ಗುರುತು ದಾಟಿ ತುಂಬಿದರೆ ಕ್ರ್ಯಾಂಕ್ ಶಾಫ್ಟ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆಯಿಂದ ಒತ್ತಡ ಕುಸಿಯುತ್ತದೆ, ಸೀಲುಗಳಲ್ಲಿ ಸೋರಿಕೆಯಾಗುತ್ತದೆ. ಹೆಚ್ಚಾದ ಆಯಿಲನ್ನು ಬಸಿದು ಮಟ್ಟ ಸರಿಪಡಿಸಬೇಕು.

ಮಟ್ಟ ವಿಪರೀತ ಹೆಚ್ಚಿದ್ದು, ಜೊತೆಗೆ ಹೈಡ್ರಾಲಿಕ್ ಲಿಫ್ಟ್ ನೇಗಿಲನ್ನು ಎತ್ತದಿದ್ದರೆ, ಎಂಜಿನ್ನಿನ ಬದಲು ಗೇರ್ ಪೆಟ್ಟಿಗೆಯ ಬಿರಡೆ ಬಿಚ್ಚಿರುವ ಸಂಭವವಿದೆ. ಆಗ ಹಳೆಯ ಆಯಿಲಿನ ಮೇಲೆಯೇ ಹೊಸತು ಬಿದ್ದಿರುತ್ತದೆ. ಎರಡನ್ನೂ ಸರಿಪಡಿಸದೆ ಟ್ರ್ಯಾಕ್ಟರ್ ಓಡಿಸಬಾರದು.

ಏರ್ ಕ್ಲೀನರಿನ ಬಟ್ಟಲಿಗೆ ಆಯಿಲ್ ಹಾಕುವ ಮಾದರಿಗಳಲ್ಲಿ ಅದನ್ನೂ ನೋಡಬೇಕು. ಗುರುತು ಮೀರಿ ತುಂಬಿದ್ದರೆ ಎಂಜಿನ್ ಆ ಆಯಿಲನ್ನು ಗಾಳಿಯೊಡನೆ ಒಳಕ್ಕೆ ಎಳೆಯುತ್ತದೆ.

ಎಂಜಿನ್ ಹತೋಟಿ ತಪ್ಪಿದರೆ

ಹೀಗೆ ಒಳನುಗ್ಗಿದ ಆಯಿಲನ್ನೇ ಉರಿಸುತ್ತ ಡೀಸೆಲ್ ಎಂಜಿನ್ ವಿಪರೀತ ವೇಗ ಪಡೆಯಬಹುದು. ಆಗ ಡೀಸೆಲ್ ನಿಲ್ಲಿಸಿದರೂ ಎಂಜಿನ್ ನಿಲ್ಲುವುದಿಲ್ಲ, ಗಾಳಿಯನ್ನು ತಡೆಯಬೇಕು. ಗಾಳಿ ಒಳಹೋಗುವ ಬಾಯಿಗೆ ಮರದ ಹಲಗೆಯನ್ನು ಬಿಗಿಯಾಗಿ ಒತ್ತಬೇಕು. ಬರಿಗೈ ಅಡ್ಡ ಇಡಬಾರದು. ತೆಳು ಬಟ್ಟೆಯನ್ನು ಎಂಜಿನ್ ಒಳಕ್ಕೆ ಎಳೆದುಕೊಳ್ಳುತ್ತದೆ. ಸಡಿಲ ಉಡುಪಿನಲ್ಲಿ ಹತ್ತಿರ ಹೋಗಬಾರದು, ಫ್ಲೈವ್ಹೀಲಿನ ನೇರಕ್ಕೆ ನಿಲ್ಲಬಾರದು. ಬಾಯಿ ಕೈಗೆ ಸಿಗದಿದ್ದರೆ ಎಲ್ಲರೂ ದೂರ ಸರಿಯುವುದೇ ಲೇಸು. ಯಂತ್ರಕ್ಕಿಂತ ಪ್ರಾಣ ದೊಡ್ಡದು.

ಆಯಿಲ್ ಸೋರಿದರೆ

ಎಂಜಿನ್ ಹೊರಮೈಯನ್ನು ಒರೆಸಿ, ಒಂದು ನಿಮಿಷ ಓಡಿಸಿ, ಹನಿ ಎಲ್ಲಿಂದ ಹೊರಡುತ್ತದೆ ಎಂದು ನೋಡಬೇಕು. ಫಿಲ್ಟರ್ ಬುಡದಲ್ಲಿ ಸೋರಿದರೆ, ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿ ಉಳಿದು ಅದರ ಮೇಲೆ ಹೊಸ ಉಂಗುರ ಕೂತಿರಬಹುದು. ಜೋಡಿ ಉಂಗುರ ಒತ್ತಡ ತಡೆಯಲಾರದು. ಬಿರಡೆಯ ಬಳಿ ಸೋರಿದರೆ ವಾಷರ್ ಬದಲಿಸಬೇಕು. ಸೋರಿಕೆ ನಿಲ್ಲಲೆಂದು ಅತಿಯಾಗಿ ಬಿಗಿದರೆ ಮರೆ ಕಿತ್ತುಹೋಗುತ್ತದೆ.

ಆಯಿಲಿನ ಬಣ್ಣ

ಹೊಸ ಆಯಿಲ್ ಕೆಲವೇ ಗಂಟೆಗಳಲ್ಲಿ ಕಪ್ಪಾದರೆ ಗಾಬರಿ ಬೇಡ. ಮಸಿ ತೊಳೆಯುವುದು ಅದರ ಗುಣ. ಹಾಲಿನಂತೆ ಬಿಳುಪಾದರೆ ನೀರು ಸೇರಿದೆ. ಒದ್ದೆ ಡಬ್ಬ ಅಥವಾ ಲಾಳಿಕೆ ಬಳಸಲಾಗಿತ್ತೇ ವಿಚಾರಿಸಬೇಕು. ಇಲ್ಲವಾದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಡೀಸೆಲ್ ವಾಸನೆ ಬಂದು ಮಟ್ಟ ತಾನೇ ಏರಿದರೆ ಡೀಸೆಲ್ ಪಂಪು ಅಥವಾ ಇಂಜೆಕ್ಟರ್ ಸೋರುತ್ತಿರಬಹುದು. ಹೊಳೆಯುವ ಲೋಹದ ಚೂರು ಕಂಡರೆ ಎಂಜಿನ್ ಮತ್ತೆ ಚಾಲೂ ಮಾಡಬಾರದು.

ಮುಂದಿನ ಬಾರಿಗೆ

ಎಂಜಿನ್ ಬೆಚ್ಚಗಿರುವಾಗ ಹಳೆಯ ಆಯಿಲನ್ನು ಪೂರ್ತಿ ಬಸಿಯಬೇಕು. ಬಿರಡೆಯನ್ನು ಹಾಕಿ ಬಿಗಿದ ನಂತರವೇ ಹೊಸ ಆಯಿಲಿನ ಡಬ್ಬ ತೆರೆಯಬೇಕು. ಹಳೆಯ ಉಂಗುರ ಹೊರಬಂದಿದೆಯೇ ನೋಡಿ, ಹೊಸ ಉಂಗುರಕ್ಕೆ ಆಯಿಲ್ ಸವರಬೇಕು. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲನ್ನೇ ಅಳೆದು ಹಾಕಬೇಕು. ಚಾಲೂ ಮಾಡಿ, ಒತ್ತಡ ನೋಡಿ, ನಿಲ್ಲಿಸಿ ಮತ್ತೊಮ್ಮೆ ಕಡ್ಡಿ ಅದ್ದಬೇಕು. ಹಳೆಯ ಆಯಿಲನ್ನು ಹೊಲ, ಬಾವಿ, ಕಾಲುವೆಗಳಿಗೆ ಸುರಿಯಬಾರದು. ದಿನಾಂಕ ಮತ್ತು ಗಂಟೆಯನ್ನು ಬರೆದಿಟ್ಟರೆ ಮುಂದಿನ ಬದಲಾವಣೆಯ ಕಾಲ ತಪ್ಪುವುದಿಲ್ಲ.