ಕರೆಂಟು ಹೋಗುವುದು ಎಲ್ಲಿಗೆ?

ಪಾವಗಡದ ಓದುಗರೊಬ್ಬರ ಪ್ರಶ್ನೆ ಇದು: ‘ನಮ್ಮ ತಿರುಮಣಿ ಸುತ್ತಮುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಆದರೂ ಮನೆಯಲ್ಲಿ ದೀಪ ಆರಿದರೆ ಕರೆಂಟು ಹೋಯ್ತು ಅಂತೀವಿ. ಎಲ್ಲಿಗೆ ಹೋಯ್ತು?’

ಭೌತವಿಜ್ಞಾನ ಕೊಡುವ ಉತ್ತರ ಚಿಕ್ಕದು: ಎಲ್ಲಿಗೂ ಇಲ್ಲ. ಮನೆಯ ತಂತಿಯಲ್ಲಿ ಎಲೆಕ್ಟ್ರಾನುಗಳು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗಾಡುತ್ತವೆ ಅಷ್ಟೆ. ಹೋಗಿ ಬರುವ ಆಟವೆಲ್ಲ ನಮ್ಮ ಮಾತಿನದು, ಅದಕ್ಕೆ ಉತ್ತರ ಭಾಷಾವಿಜ್ಞಾನದಲ್ಲಿದೆ.

1974ರಲ್ಲಿ ಈವ್ ಕ್ಲಾರ್ಕ್ ಎಂಬ ವಿದ್ವಾಂಸೆ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಒಂದು ಸೊಗಸಾದ ವಾದ ಮಂಡಿಸಿದರು. ಇಂಗ್ಲಿಷ್ ನುಡಿಗಟ್ಟುಗಳಲ್ಲಿ ‘ಕಮ್’ ಸಹಜ ಸ್ಥಿತಿಯತ್ತ, ಮಾತಾಡುವವರಿಗೆ ಒಪ್ಪಿತವಾದದ್ದರತ್ತ ತಿರುಗುತ್ತದೆ. ‘ಗೋ’ ಅದರಿಂದ ದೂರ ಸರಿಯುತ್ತದೆ. ಕನಸು ನನಸಾದರೆ ‘ಕೇಮ್ ಟ್ರೂ’, ಹಾಲು ಕೆಟ್ಟರೆ ‘ವೆಂಟ್ ಬ್ಯಾಡ್’.

ಕನ್ನಡಕ್ಕೆ ಇದು ಹೊಂದುತ್ತದೆಯೇ? ಮೊದಲ ನೋಟಕ್ಕೆ ಇಲ್ಲ. ನಮ್ಮಲ್ಲಿ ನಿದ್ದೆ ಬರುತ್ತದೆ, ಈಜು ಬರುತ್ತದೆ, ನೆನಪು ಬರುತ್ತದೆ. ಜ್ವರ, ಕೋಪ, ಬರಗಾಲವೂ ಬರುತ್ತವೆ. ಮಾನ ಹೋಗುತ್ತದೆ, ತಲೆನೋವೂ ಹೋಗುತ್ತದೆ. ಇಲ್ಲಿ ಒಳಿತು ಕೆಡುಕುಗಳ ಲೆಕ್ಕವೇ ಇಲ್ಲ. ಪಾವಗಡದ ಬಸ್ ಸ್ಟ್ಯಾಂಡ್ ನೆನೆಸಿಕೊಳ್ಳಿ. ಹಿಂದೂಪುರದ ಬಸ್ಸು ಬಂತು, ಮಧುಗಿರಿಯದು ಹೋಯಿತು. ತುಂಬಿದ ಬಸ್ಸು, ಖಾಲಿ ಬಸ್ಸು, ಕೆಟ್ಟು ನಿಲ್ಲುವ ಬಸ್ಸು ಎಲ್ಲಕ್ಕೂ ಕ್ರಿಯಾಪದ ಎರಡೇ. ಕದಲದೆ ಇರುವುದು ನಿಲ್ದಾಣ ಮಾತ್ರ, ಅದರಿಂದಲೇ ‘ಬಂತು’, ‘ಹೋಯಿತು’ ಎಂಬುದಕ್ಕೆ ಅರ್ಥ. ಕನ್ನಡದ ವಾಕ್ಯದಲ್ಲಿ ‘ನನಗೆ’ ಅಂಥ ನಿಲ್ದಾಣ. ‘ನನಗೆ ನಿದ್ದೆ ಬಂತು’ ಎಂದಾಗ ಕರ್ತೃ ನಿದ್ದೆ; ನಾನು ಅದು ಬಂದಿಳಿದ ಜಾಗ.

ಆದರೆ ‘ಹೋಗು’ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಅಂಟಿದ ಕೂಡಲೇ ಕ್ಲಾರ್ಕ್ ಅವರ ಮಾತು ಬಹುಮಟ್ಟಿಗೆ ನಿಜವಾಗುತ್ತದೆ. ಕಿತ್ತ ಕಡ್ಲೆಕಾಯಿ ಕಣದಲ್ಲಿ ‘ಒಣಗಿದೆ’ ಎಂದರೆ ರೈತನಿಗೆ ನೆಮ್ಮದಿ. ಹೊಲದಲ್ಲಿ ಗಿಡ ‘ಒಣಗಿಹೋಗಿದೆ’ ಎಂದರೆ ವರ್ಷದ ದುಡಿಮೆಯೇ ಮಣ್ಣುಪಾಲು. ಕೊಳೆತುಹೋಯಿತು, ಕೊಚ್ಚಿಹೋಯಿತು, ಮುರಿದುಹೋಯಿತು ಎನ್ನುತ್ತೇವೆ; ಹುಡುಗ ‘ಕಲಿತುಹೋದ’ ಎಂದು ಯಾರೂ ಹೇಳುವುದಿಲ್ಲ. ‘ಮರೆತೆ’ ಎಂದರೆ ತಪ್ಪು ನನ್ನದು, ‘ಮರೆತುಹೋಯಿತು’ ಎಂದರೆ ನನ್ನ ಕೈಮೀರಿದ್ದು. ಇಲ್ಲಿ ‘ಹೋಗು’ ನಡಿಗೆಯನ್ನು ಪೂರಾ ಕಳಚಿಕೊಂಡು, ಮತ್ತೆ ಸರಿಪಡಿಸಲಾಗದ್ದಕ್ಕೆ ಮುದ್ರೆಯೊತ್ತುವ ವ್ಯಾಕರಣದ ತುಣುಕಾಗಿದೆ. ಇಷ್ಟು ಸೂಕ್ಷ್ಮವಾದ ಸಲಕರಣೆಯನ್ನು ಶಾಲೆಯ ವ್ಯಾಕರಣ ‘ಸಹಾಯಕ ಕ್ರಿಯಾಪದ’ ಎಂದು ಒಂದೇ ಸಾಲಿನಲ್ಲಿ ದಾಟಿಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

‘ಬರು’ ಯಾರ ಕಡೆಗೆ ಎಂಬ ವಿಚಾರ ದ್ರಾವಿಡ ಭಾಷೆಗಳಿಗೆ ಹೊಸದಲ್ಲ. ಬರುವುದು, ತರುವುದು ‘ನಾನು’ ‘ನೀನು’ಗಳತ್ತ, ಹೋಗುವುದು, ಕೊಡುವುದು ಮೂರನೆಯವರತ್ತ ಎಂದು ತಮಿಳಿನ ಪ್ರಾಚೀನ ವ್ಯಾಕರಣ ಗ್ರಂಥ ‘ತೊಲ್ಕಾಪ್ಪಿಯಂ’ ಆಗಲೇ ವಿಂಗಡಿಸಿತ್ತು. ‘ಬರು’, ‘ಕೊಡು’ಗಳ ಈ ಚರಿತ್ರೆಯನ್ನು ಭಾಷಾವಿಜ್ಞಾನಿ ಮರ್ರೆ ಎಮೆನೊ 1945ರಲ್ಲಿ ಹಲವು ದ್ರಾವಿಡ ಭಾಷೆಗಳಲ್ಲಿ ಹುಡುಕಿ ತೆಗೆದರು.

ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಪಾವಗಡದಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವವರು ಬಹಳ. ಅವರ ತೆಲುಗಿನಲ್ಲೂ ಕರೆಂಟು ‘ಪೋಯಿಂದಿ’, ನಿದ್ದೆ ‘ವಚ್ಚಿಂದಿ’, ಗಿಡ ‘ಎಂಡಿಪೋಯಿಂದಿ’. ಇದನ್ನು ತೋರಿಸಿ ಗಡಿ ಕನ್ನಡ ತೆಲುಗಿನಿಂದ ಕೆಟ್ಟಿದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳಗನ್ನಡದ ‘ಪೋಗು’ವಿನಲ್ಲಿ ಪಕಾರ ಹಕಾರವಾಗಿ ‘ಹೋಗು’ ಆಯಿತು. ತೆಲುಗಿನ ‘ಪೋ’ ಅದರ ಒಡಹುಟ್ಟು. ತೆಲುಗು ಗಡಿ ಕಾಣದ ಧಾರವಾಡ, ಮೈಸೂರಿನಲ್ಲೂ ಗಿಡ ಒಣಗಿಹೋಗುತ್ತದೆ. ಅದೂ ಸಾಲದೆಂದರೆ ಪಾವಗಡ ಪೇಟೆಯ ಉರ್ದು ಕೇಳಿ: ಆ ಭಾಷೆ ಬೇರೆಯೇ ಕುಟುಂಬದ್ದು, ಆದರೂ ಉರ್ದುವಿನಲ್ಲಿ ನಿದ್ದೆ ‘ಆಯೀ’, ಗಿಡ ‘ಸೂಖ್ ಗಯಾ’. ಕುಲ ಬೇರೆಯಾದರೂ ನೆರೆಯಲ್ಲಿ ಬಾಳಿ ಒಂದೇ ಜಾಡು ಹಿಡಿದ ಇಂಥ ಭಾಷೆಗಳನ್ನು ಕಂಡೇ ಎಮೆನೊ 1956ರಲ್ಲಿ ಇಡೀ ಭಾರತವನ್ನು ಒಂದು ‘ಭಾಷಾವಲಯ’ ಎಂದು ಕರೆದದ್ದು.