ಜೋಗದ ತುಂತುರಿನ ಹುಲ್ಲು

ಪಶ್ಚಿಮಘಟ್ಟದ ಜಲಪಾತಗಳ ತುಂತುರನ್ನು ಆಶ್ರಯಿಸಿ ಬದುಕುವ ಅಪೂರ್ವ ಹುಲ್ಲು ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್. 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಇದನ್ನು ಗೇರುಸೊಪ್ಪೆ ಜಲಪಾತದ, ಎಂದರೆ ಜೋಗದ ಪರಿಸರದಲ್ಲಿ ಸಂಗ್ರಹಿಸಿದರು. ಸುಮಾರು ಮೂರು ದಶಕಗಳ ತರುವಾಯ ಎನ್.ಎಲ್. ಬೋರ್ ಆ ಒಣಮಾದರಿಯನ್ನು ಪರಿಶೀಲಿಸಿ, ಅದು ಹೊಸ ಕುಲಕ್ಕೆ ಸೇರಿದುದೆಂದು ನಿರೂಪಿಸಿದರು. ಕುಲನಾಮವು ಹುಲ್ಲುಗಳ ತಜ್ಞ ಸಿ.ಇ. ಹಬ್ಬರ್ಡ್ ಅವರ ಗೌರವಾರ್ಥವಾದುದು. ಜಾತಿನಾಮದ ಅರ್ಥ ‘ಏಳು ನರಗಳುಳ್ಳದ್ದು’.

ಭತ್ತ, ರಾಗಿ, ಕಬ್ಬುಗಳ ಕುಟುಂಬಕ್ಕೇ ಸೇರಿದ್ದರೂ ಇದು ಬಯಲಿನ ಸಸ್ಯವಲ್ಲ. ಕಾಂಡ ಕೃಶವಾದುದು, ಎಲೆ ತೆಳುವಾದುದು. ನೆರಳು, ತೊಯ್ದ ಬಂಡೆ, ತೇವಭರಿತ ಗಾಳಿ ಇವು ಒಟ್ಟಿಗೆ ಇರುವಲ್ಲಿ ಮಾತ್ರ ಇದರ ವಾಸ. ಇಂತಹ ನೆಲೆಗಳು ವಿರಳವಾದುದರಿಂದ ಸಸ್ಯವೂ ವಿರಳ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಸಹಜ ಹರಿವು ಬದಲಾಯಿತು. ಜೋಗದಲ್ಲಿ ಈ ಹುಲ್ಲು ಮತ್ತೆ ಕಾಣಸಿಗದೆ, ಅಳಿದುಹೋದುದೆಂದೇ ಪರಿಗಣಿತವಾಯಿತು. ಆದರೆ 2002ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್.ಆರ್. ಯಾದವ್ ಮತ್ತು ಸಂಗಡಿಗರು ಮಹಾರಾಷ್ಟ್ರದ ತಿಲ್ಲಾರಿಯಲ್ಲಿ ಇದನ್ನು ಪುನಃ ಪತ್ತೆಹಚ್ಚಿದರು.

ಜನಪದರು ಸಸ್ಯಗಳನ್ನು ಬಹುಮಟ್ಟಿಗೆ ಆಹಾರ, ಮದ್ದು, ಮೇವು, ಆಚರಣೆಗಳ ಸಂಬಂಧದಿಂದ ಗುರುತಿಸುತ್ತಾರೆ. ಜೋಗದ ನಾಲ್ಕು ಧಾರೆಗಳಾದ ರಾಜ, ರಾಣಿ, ರೋರರ್, ರಾಕೆಟ್‌ಗಳ ಹೆಸರು ನಾಡಿಗೆಲ್ಲ ತಿಳಿದಿದೆ; ಅವುಗಳ ತುಂತುರಿನಲ್ಲಿ ಬೆಳೆದ ಈ ಹುಲ್ಲಿನ ಹೆಸರು ತಿಳಿದವರು ವಿರಳ. 1919ರ ಒಣಮಾದರಿ ಉಳಿದಿರದಿದ್ದರೆ ತಿಲ್ಲಾರಿಯಲ್ಲಿ ದೊರೆತುದು ಇದೇ ಸಸ್ಯವೆಂದು ತಿಳಿಯುವ ಬಗೆಯೇ ಇರುತ್ತಿರಲಿಲ್ಲ. ಹಾಡು-ಕಥೆಗಳ ಸಂಗ್ರಹಕ್ಕೆ ಒಪ್ಪುವ ಮಾತು ಸಸ್ಯಕ್ಕೂ ಒಪ್ಪುತ್ತದೆ: ದಾಖಲೆಯಿದ್ದರೆ ಕಳೆದುಹೋದುದನ್ನು ಗುರುತಿಸಬಹುದು, ಆದರೆ ಅದನ್ನು ಬದುಕಿಸುವುದು ಅದರ ನೆಲೆ ಮಾತ್ರ.